ಅಗತ್ತಿ ವಿಮಾನದ ಸಮಯ ಬದಲಾದರೆ ಮೊದಲ ಫೋನ್ ಯಾರಿಗೆ?

ನಾನು ಮಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ದುಬೈ, ದಮ್ಮಾಮ್, ಮುಂಬೈ ಟಿಕೆಟ್‌ಗಳೇ ಜಾಸ್ತಿ. ಲಕ್ಷದ್ವೀಪದ ಟಿಕೆಟ್ ಅಪರೂಪಕ್ಕೆ ಬರುತ್ತವೆ. ಆದರೂ ಈ ಕೆಲಸವನ್ನು ನನಗೆ ಸರಿಯಾಗಿ ಕಲಿಸಿದ್ದು ಅವೇ.

ಏರ್‌ಲೈನ್‌ನಿಂದ 'ವಿಮಾನದ ಸಮಯ ಬದಲಾಗಿದೆ' ಅಂತ ಮೆಸೇಜ್ ಬಂತು ಅಂದುಕೊಳ್ಳಿ. ದುಬೈ ಟಿಕೆಟ್ ಆದರೆ ಪ್ರಯಾಣಿಕರಿಗೆ ಫೋನ್ ಮಾಡಿ ಹೇಳುತ್ತೇವೆ, ಕೆಲಸ ಮುಗಿಯಿತು. ಮೂರು ಗಂಟೆ ತಡ ಅಂದರೆ ಅಲ್ಲಿ ಮೂರು ಗಂಟೆಯೇ ತಡ. ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ಮೂರು ಗಂಟೆ ತಡ ಅಂದರೆ ಇಡೀ ದಿನವೇ ಹೋಗಬಹುದು. ಏಕೆಂದರೆ ವಿಮಾನ ಇಳಿದ ಮೇಲೆ ದೋಣಿ ಹಿಡಿಯಬೇಕು. ಹವಳದ ದಿಬ್ಬಗಳ ನಡುವಿನ ದಾರಿಯಲ್ಲಿ ಸಣ್ಣ ದೋಣಿಯವರು ಕತ್ತಲಾದ ಮೇಲೆ ಹೊರಡಲು ಒಪ್ಪುವುದಿಲ್ಲ. ಒಪ್ಪಲೂಬಾರದು. ಅದಕ್ಕೇ ನಮ್ಮ ಹಿರಿಯರೊಬ್ಬರು ನನಗೆ ಮೊದಲೇ ಒಂದು ಮಾತು ಹೇಳಿಕೊಟ್ಟಿದ್ದರು. ದ್ವೀಪದ ವಿಮಾನ ಬದಲಾದರೆ ಮೊದಲ ಫೋನ್ ಏರ್‌ಲೈನ್‌ಗೂ ಅಲ್ಲ, ಪ್ರಯಾಣಿಕರಿಗೂ ಅಲ್ಲ. ದ್ವೀಪದಲ್ಲಿ ಅವರನ್ನು ಎದುರುಗೊಳ್ಳುವವರಿಗೆ. ದೋಣಿ ಸಿಗುತ್ತದಾ, ರೂಮು ಮರುದಿನಕ್ಕೆ ಸರಿಸಲು ಆಗುತ್ತದಾ, ಅಷ್ಟು ತಿಳಿದ ಮೇಲೆ ಪ್ರಯಾಣಿಕರಿಗೆ ಹೇಳಬೇಕು. ಆಗ ಅವರ ಕೈಗೆ ಗಾಬರಿಯ ಬದಲು ಒಂದು ದಾರಿ ಸಿಗುತ್ತದೆ.

ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಕ್ಷದ್ವೀಪದಲ್ಲಿ ಜನ ವಾಸಿಸುವ ದ್ವೀಪಗಳು 10. 2011ರ ಜನಗಣತಿಯ ಪ್ರಕಾರ 64 ಸಾವಿರ ಚಿಲ್ಲರೆ ಜನ. ಇವರೆಲ್ಲರಿಗೂ ಸೇರಿ ಇರುವುದು ಒಂದೇ ವಿಮಾನ ನಿಲ್ದಾಣ, ಅದು ಅಗತ್ತಿಯಲ್ಲಿ. ಕವರತ್ತಿ ರಾಜಧಾನಿಯಾದರೂ ಅಲ್ಲಿ ವಿಮಾನ ಇಳಿಯುವುದಿಲ್ಲ, ಹೆಲಿಕಾಪ್ಟರ್ ಮಾತ್ರ. ಕದ್ಮತ್‌ಗೆ ಹೋಗುವವರೂ, ಬಂಗಾರಂಗೆ ಹೋಗುವವರೂ ಅಗತ್ತಿಯಲ್ಲಿ ಇಳಿದು ಸಮುದ್ರ ದಾಟಬೇಕು. ಮಿನಿಕಾಯ್‌ನವರ ಕಥೆಯಂತೂ ಇನ್ನೂ ಬೇರೆ. ಅದು ದಕ್ಷಿಣದ ತುದಿಯಲ್ಲಿದೆ, ಅವರಿಗೆ ಹಡಗೇ ಗತಿ.

ಅಗತ್ತಿಯ ರನ್‌ವೇ ಉದ್ದ ಸುಮಾರು 1,200 ಮೀಟರ್. ನಮ್ಮ ಮಂಗಳೂರಿನ ಬಜಪೆಯದ್ದು 2,450 ಮೀಟರ್, ಬೆಂಗಳೂರಿನದ್ದು 4,000 ಮೀಟರ್. ಬಜಪೆಯದ್ದನ್ನೇ ಚಿಕ್ಕದು ಅಂತ ನಾವು ಭಯಪಡುತ್ತೇವೆ, ಅಲ್ವಾ? ಅಗತ್ತಿಯಲ್ಲಿ ರನ್‌ವೇ ಮುಗಿದಲ್ಲಿ ಸಮುದ್ರ. ಹಾಗಾಗಿ ಜೆಟ್ ವಿಮಾನ ಅಲ್ಲಿಗೆ ಬರುವುದಿಲ್ಲ, ರೆಕ್ಕೆಯಲ್ಲಿ ಫ್ಯಾನ್ ಇರುವ ಎಟಿಆರ್ ಬರುತ್ತದೆ. ಎಟಿಆರ್ 72ರಲ್ಲಿ 70ರಿಂದ 78 ಸೀಟು ಇರುತ್ತವೆ. ಆದರೆ ಅಷ್ಟೂ ಸೀಟು ತುಂಬಿಸಿ ಹಾರಿಸಲು ಯಾವಾಗಲೂ ಆಗುವುದಿಲ್ಲ. ರನ್‌ವೇ ಚಿಕ್ಕದು, ಬಿಸಿಲು ಜಾಸ್ತಿಯಾದರೆ ಗಾಳಿ ಹಗುರಾಗಿ ವಿಮಾನ ಏಳುವುದು ಕಷ್ಟ, ಮಳೆ ಬಂದು ರನ್‌ವೇ ಒದ್ದೆಯಾದರೆ ಬ್ರೇಕ್ ಹಿಡಿಯಲು ಜಾಸ್ತಿ ಜಾಗ ಬೇಕು. ಅಗತ್ತಿಯಲ್ಲಿ ಇಳಿಯಲಾಗದಿದ್ದರೆ ಹತ್ತಿರದಲ್ಲಿ ಬೇರೆ ನಿಲ್ದಾಣವಿಲ್ಲ, ವಾಪಸ್ ಕೇರಳದ ಕಡೆಗೇ ಬರಬೇಕು. ಅದಕ್ಕೆ ಬೇಕಾದ ಇಂಧನವನ್ನೂ ಹೊತ್ತೇ ಹೋಗಬೇಕು. ಇಂಧನ ಹೆಚ್ಚಾದಷ್ಟು ಜನ ಮತ್ತು ಬ್ಯಾಗು ಕಡಿಮೆ. ಪರದೆಯಲ್ಲಿ ಸೀಟು ಖಾಲಿ ಕಂಡರೂ ಸಿಗದೇ ಇರುವುದು, ಬ್ಯಾಗಿನ ತೂಕದ ಬಗ್ಗೆ ಕೌಂಟರಿನಲ್ಲಿ ಬಿಗಿ ಮಾಡುವುದು, ಎಲ್ಲದರ ಹಿಂದೆ ಇರುವುದು ಈ ಲೆಕ್ಕ. ಕೌಂಟರಿನಲ್ಲಿ ನಿಂತ ಹುಡುಗಿಯ ಮೇಲೆ ಸುಮ್ನೆ ಕೂಗಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಅಗತ್ತಿಗೆ ಮೊದಲು ವಿಮಾನ ಹೋದದ್ದು 1988ರಲ್ಲಿ, ವಾಯುದೂತ ಅನ್ನುವ ಸರ್ಕಾರಿ ಏರ್‌ಲೈನ್‌ನ ಪುಟ್ಟ ಡಾರ್ನಿಯರ್ ವಿಮಾನ. ವಾಯುದೂತ 1993ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜತೆ ಸೇರಿಹೋಯಿತು. ಆಮೇಲೆ ವರ್ಷಗಟ್ಟಲೆ ಕೊಚ್ಚಿ–ಅಗತ್ತಿ ದಾರಿಯನ್ನು ಹಿಡಿದು ನಿಲ್ಲಿಸಿದ್ದು ಏರ್ ಇಂಡಿಯಾ ಬಳಗದ ಅಲಯನ್ಸ್ ಏರ್.

ನಮ್ಮ ಮೇಜಿನ ಮೇಲೆ ದೊಡ್ಡ ಬದಲಾವಣೆ ಬಂದದ್ದು 2022ರಲ್ಲಿ. ಆ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋಯಿತು. ಅಲಯನ್ಸ್ ಏರ್ ಸರ್ಕಾರದ ಬಳಿಯೇ ಉಳಿಯಿತು. ಏಪ್ರಿಲ್ ಮಧ್ಯದಿಂದ ಅದರ ಬುಕಿಂಗ್ ಬೇರೆ, ಕೋಡ್ ಬೇರೆ. ಪತ್ರಿಕೆಯಲ್ಲಿ ಓದಿದವರಿಗೆ ಇದು ಷೇರು, ಮಾಲೀಕರು ಅಂತ ದೊಡ್ಡವರ ಸುದ್ದಿ. ದ್ವೀಪಕ್ಕೆ ಹೋಗುವವರಿಗೆ ಅದು ಸೂಟ್‌ಕೇಸಿನ ಸುದ್ದಿ. ಅದಕ್ಕೆ ಮೊದಲು ದೆಹಲಿಯಿಂದಲೋ ಮುಂಬೈಯಿಂದಲೋ ಕೊಚ್ಚಿ ಮೂಲಕ ಅಗತ್ತಿಗೆ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಬಹುದಿತ್ತು. ಮೊದಲ ವಿಮಾನ ತಡವಾದರೆ ಎರಡನೆಯದರ ಚಿಂತೆಯೂ ಏರ್‌ಲೈನ್‌ನದ್ದೇ. ಬೇರೆಯಾದ ಮೇಲೆ ಹೆಚ್ಚಿನ ಸಲ ಎರಡು ಟಿಕೆಟ್. ಕೊಚ್ಚಿಯಲ್ಲಿ ಬ್ಯಾಗ್ ಎತ್ತಿಕೊಂಡು ಹೊರಗೆ ಬಂದು, ಮತ್ತೆ ಚೆಕ್‌ಇನ್ ಮಾಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಏರ್‌ಲೈನ್‌ನವರ ಪುಸ್ತಕದಲ್ಲಿ ನೀವು 'ಬಾರದ ಪ್ರಯಾಣಿಕ', ಅಷ್ಟೇ. ಆ ದಿನ ಇನ್ನೊಂದು ವಿಮಾನ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಹಾಗಾಗಿ ನಾನು ಅಗತ್ತಿಗೆ ಹೋಗುವವರಿಗೆ ಹಿಂದಿನ ರಾತ್ರಿ ಕೊಚ್ಚಿಯಲ್ಲಿ ಉಳಿಯಲೇಬೇಕು ಅನ್ನುತ್ತೇನೆ. ಮಂಗಳೂರಿನಿಂದ ಹೋಗುವವರಿಗೆ ರೈಲೇ ವಾಸಿ. ಎರ್ನಾಕುಲಂವರೆಗೆ ಹೋಗಬೇಡಿ, ಆಲುವ ಅಥವಾ ಅಂಗಮಾಲಿಯಲ್ಲಿ ಇಳಿಯಿರಿ. ಕೊಚ್ಚಿಯ ವಿಮಾನ ನಿಲ್ದಾಣ ಇರುವ ನೆಡುಂಬಾಶೇರಿ ಅಲ್ಲಿಂದ ಹತ್ತಿರ. ಒಂದು ರಾತ್ರಿಯ ಲಾಡ್ಜ್ ಖರ್ಚು ಯಾಕೆ ಅಂತ ಕೇಳುವವರಿದ್ದಾರೆ. ತಪ್ಪಿದ ವಿಮಾನದ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ.

2024ರಲ್ಲಿ ಗಾಳಿ ಇನ್ನೊಂದು ಕಡೆಗೆ ತಿರುಗಿತು. ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದ ಫೋಟೋಗಳು ಹರಡಿದವು. ನಮ್ಮ ಆಫೀಸಿನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಮಾರ್ಚ್ 31ರಿಂದ ಇಂಡಿಗೋ ಬೆಂಗಳೂರಿನಿಂದ ಅಗತ್ತಿಗೆ ನೇರ ಹಾರಾಟ ಶುರು ಮಾಡಿತು, ಮೇ ತಿಂಗಳಿಂದ ಕೊಚ್ಚಿ ಮತ್ತು ಕೋಳಿಕ್ಕೋಡ್ ಕಡೆಯಿಂದಲೂ ಬಂತು. ಗೋವಾದ ಫ್ಲೈ 91 ಗೋವಾದಿಂದ ಹಾರತೊಡಗಿತು. ವರ್ಷಗಟ್ಟಲೆ ಒಂದೇ ಬಾಗಿಲು ಇದ್ದ ಮನೆಗೆ ಇದ್ದಕ್ಕಿದ್ದಂತೆ ಹಲವು ಬಾಗಿಲು ಬಂದಂತಾಯಿತು. ನನಗೆ ನಿಜವಾಗಿ ಖುಷಿಯಾಯಿತು.

ಖುಷಿಯ ಜತೆಗೇ ಒಂದು ಪಾಠವೂ ಇತ್ತು. ವಿಮಾನ ಜಾಸ್ತಿಯಾದ ಕೂಡಲೇ ದ್ವೀಪಕ್ಕೆ ಹೋಗುವುದು ಸುಲಭವಾಯಿತು ಅಂತ ಜನ ಅಂದುಕೊಂಡರು. ವಿಮಾನದ ಸೀಟು ಬಂತು, ಆದರೆ ರೂಮು ಅಷ್ಟೇ, ದೋಣಿ ಅಷ್ಟೇ, ಕುಡಿಯುವ ನೀರು ಅಷ್ಟೇ. ಅಗತ್ತಿ ಉದ್ದಕ್ಕೆ ಸುಮಾರು ಏಳು ಕಿಲೋಮೀಟರ್, ಅಗಲಕ್ಕೆ ಅತಿ ಹೆಚ್ಚೆಂದರೆ ಒಂದು ಕಿಲೋಮೀಟರ್ ಇರುವ ಜಾಗ. ಜತೆಗೆ ಪರ್ಮಿಟ್ ಬೇಕು. ಭಾರತೀಯರೇ ಆದರೂ ದ್ವೀಪದವರಲ್ಲದಿದ್ದರೆ ಪರ್ಮಿಟ್ ಇಲ್ಲದೆ ಹೋಗುವ ಹಾಗಿಲ್ಲ. ಅದರಲ್ಲಿ ಯಾವ ದ್ವೀಪ, ಎಷ್ಟು ದಿನ ಅಂತ ಇರುತ್ತದೆ. ಆಫರ್ ನೋಡಿ ಮೊದಲು ಟಿಕೆಟ್ ಮಾಡಿಕೊಂಡು, ಆಮೇಲೆ 'ಪರ್ಮಿಟ್ ಕೊಡಿಸಿ' ಅಂತ ಬಂದವರನ್ನು ನೋಡಿ ಬೇಜಾರಾಗಿದೆ. ಏರ್‌ಲೈನ್ ವಾಪಸಿ ವಿಮಾನವನ್ನು ಮರುದಿನಕ್ಕೆ ಸರಿಸಿದಾಗ ಪರ್ಮಿಟ್‌ನ ಕೊನೆಯ ದಿನ ನೋಡಬೇಕು ಅನ್ನುವುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ನಮ್ಮ ಆಫೀಸಿನಲ್ಲಿ ಈಗ ಟಿಕೆಟ್ ಕಡತದ ಮೊದಲ ಪುಟದಲ್ಲೇ ಪರ್ಮಿಟ್ ಮುಗಿಯುವ ತಾರೀಖು ಬರೆದಿಡುತ್ತೇವೆ.

ವಿಮಾನದ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರ ಒಮ್ಮೆ, ಅಕ್ಟೋಬರ್ ಕೊನೆಯ ಭಾನುವಾರ ಒಮ್ಮೆ ಬದಲಾಗುತ್ತದೆ. ದೊಡ್ಡ ಊರುಗಳಲ್ಲಿ ಅದು ಯಾರಿಗೂ ಗೊತ್ತೂ ಆಗುವುದಿಲ್ಲ. ಸಣ್ಣ ದ್ವೀಪದಲ್ಲಿ ಆ ಭಾನುವಾರದ ಆಚೆಗೆ ವಿಮಾನ ಇರುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ. ಹೊಸದಾಗಿ ಬಂದ ಹಾರಾಟ ಒಂದು ಋತು ನಡೆದು ದಿನ ಕಡಿಮೆ ಮಾಡಿಕೊಳ್ಳಬಹುದು, ನಿಂತೇ ಹೋಗಬಹುದು. ಎಟಿಆರ್‌ಗಳೂ ಬೇಕಾದಷ್ಟು ಇಲ್ಲ, ಒಂದು ಕೆಟ್ಟರೆ ಅದರ ಜಾಗಕ್ಕೆ ಜೆಟ್ ಕಳಿಸಲು ಆಗುವುದಿಲ್ಲ. ಆದ್ದರಿಂದ ಹೋಗುವ ಟಿಕೆಟ್ ಒಂದು ವೇಳಾಪಟ್ಟಿಯಲ್ಲಿ, ಬರುವ ಟಿಕೆಟ್ ಇನ್ನೊಂದರಲ್ಲಿ ಬೀಳದಂತೆ ನಾನು ನೋಡಿಕೊಳ್ಳುತ್ತೇನೆ.

ವಿಮಾನ ರದ್ದಾದರೆ ಏನು ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಂತೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸ್. ಸಾಕಷ್ಟು ಮುಂಚೆ ತಿಳಿಸದೆ ರದ್ದು ಮಾಡಿದರೆ ಪರಿಹಾರವೂ ಇದೆ. ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ ರೂ. 7,500, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹವಾಮಾನ ಕಾರಣವಾದರೆ ಪರಿಹಾರ ಇಲ್ಲ. ರೂಮಿನ ದುಡ್ಡು, ದೋಣಿಯ ದುಡ್ಡು ಇದರಲ್ಲಿ ಬರುವುದಿಲ್ಲ.

ಇಲ್ಲಿಯವರೆಗೆ ಪ್ರವಾಸಿಗರ ಮಾತಾಯಿತು. ನನ್ನ ಮನಸ್ಸಿಗೆ ಹತ್ತಿರವಾದದ್ದು ದ್ವೀಪದವರದ್ದು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ತರಕಾರಿ, ಕಲ್ಲು, ಜಲ್ಲಿ ಹೊತ್ತು ಅಲ್ಲಿಗೆ ಹೋಗುತ್ತವೆ. ಅಲ್ಲಿನವರು ಚಿಕಿತ್ಸೆಗೆ, ಓದಿಗೆ, ಮದುವೆಯ ಸಾಮಾನಿಗೆ ದಡಕ್ಕೆ ಬರಲೇಬೇಕು. ಕೊಚ್ಚಿಯಿಂದ ಹಡಗಿನಲ್ಲಿ 14ರಿಂದ 18 ಗಂಟೆ. ಆ ಹಡಗೂ ಯಾವಾಗಲೂ ಇರುತ್ತದೆ ಅಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಎಂ.ವಿ. ಕವರತ್ತಿಯ ಎಂಜಿನ್ ಕೋಣೆಗೆ ಬೆಂಕಿ ಬಿದ್ದು, 700 ಜನ ಹಿಡಿಯುವ ದೊಡ್ಡ ಹಡಗೇ ಓಡಾಟ ನಿಲ್ಲಿಸಿತು. ಹಡಗಿನ ಸೀಟು ಕಡಿಮೆಯಾದರೆ ಜನ ವಿಮಾನಕ್ಕೆ ಬರುತ್ತಾರೆ, ಆಗ ವಿಮಾನದ ದರ ಏರುತ್ತದೆ. ಹಡಗು ಮತ್ತು ವಿಮಾನವನ್ನು ಬೇರೆ ಬೇರೆಯಾಗಿ ನೋಡುವವರಿಗೆ ಈ ದರ ಯಾಕೆ ಹಾರಿತು ಅಂತ ಗೊತ್ತಾಗುವುದಿಲ್ಲ.

ಆಪರೇಷನ್‌ಗೆ ತಾರೀಖು ಸಿಕ್ಕಿದ ತಾಯಿಯನ್ನು ಕರೆದುಕೊಂಡು ಬರುವ ಮಗನಿಗೆ ವಿಮಾನ ಮರುದಿನಕ್ಕೆ ಹೋಯಿತು ಅಂದರೆ ಅದು ರಜೆಯ ವಿಷಯವಲ್ಲ. ನಮ್ಮ ಆಫೀಸಿನಲ್ಲಿ ಅಂಥವರ ಟಿಕೆಟ್ ಮೇಲೆ ಒಂದು ಗುರುತು ಇರುತ್ತದೆ. ಸಮಯ ಬದಲಾದ ಮೆಸೇಜ್ ಬಂದರೆ ಆ ಕಡತವೇ ಮೊದಲು ಕೈಗೆ. ಡಾಕ್ಟರ ಕ್ಲಿನಿಕ್‌ಗೆ ಫೋನ್ ಮಾಡಿ ತಾರೀಖು ಸರಿಸಲು ಕೇಳುವುದನ್ನೂ ನಾವೇ ಮಾಡುತ್ತೇವೆ. ಇದು ನಮ್ಮ ಕೆಲಸವಾ ಅಂತ ಹೊಸ ಹುಡುಗರು ಕೇಳಿದ್ದುಂಟು. ಹೌದು, ನಮ್ಮದೇ. ಟಿಕೆಟ್ ಬೇರೆ ಯಾರು ಬೇಕಾದರೂ ಮೊಬೈಲಿನಲ್ಲೇ ಮಾಡಿಕೊಳ್ಳುತ್ತಾರೆ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜಿಗಳು ನಿಲ್ಲುತ್ತವೆ, ಬಂಗಾರಂ ಕಡೆಗೆ ದೋಣಿ ನೆಚ್ಚಿಕೊಳ್ಳಲು ಆಗುವುದಿಲ್ಲ. ವಿಮಾನ ಮೋಡ ನೋಡಿ ತಿರುಗಿ ಬರುವುದೂ ಉಂಟು. ಆಗ ಅಗ್ಗದ ದರ ಹಿಡಿದುಕೊಂಡು ಬರುವ ಪ್ರವಾಸಿಗರಿಗೆ ಅಕ್ಟೋಬರ್ ನಂತರ ಬನ್ನಿ ಅಂತ ಹೇಳಿ ಕಳಿಸುತ್ತೇನೆ. ಕಮಿಷನ್ ಹೋಗುತ್ತದೆ, ಹೋಗಲಿ. ಆ ತಿಂಗಳುಗಳಲ್ಲಿ ಇರುವ ಸ್ವಲ್ಪ ಸೀಟು ಆಸ್ಪತ್ರೆಗೆ ಬರುವವರಿಗೆ, ಮನೆಗೆ ವಾಪಸ್ ಹೋಗುವವರಿಗೆ ಬೇಕು.