ಕರೂಸೊಗೆ ಮೂರು ವಾರ ನೆಗಡಿ

ಮೂರು ವಾರ ಇಟಲಿಯ ಆಪೆರಾ ಗಾಯಕ ಎನ್ರಿಕೊ ಕರೂಸೊ ನಮ್ಮ ಮನೆಯ ಹಳೇ ಗ್ರಾಮಫೋನ್ ಪ್ಲೇಟಿನಲ್ಲಿ ಗಂಟಲು ಕಟ್ಟಿದವನ ಹಾಗೆ ಹಾಡಿದ. "ಪಾಪ, ಶುಂಠಿ ಕಷಾಯ ಕೊಡಿ" ಅಂದಳು ಹೆಂಡತಿ. ತಪ್ಪು ಅವನದಲ್ಲ, ನನ್ನದು ಅಂತ ನಿನ್ನೆ ರಾತ್ರಿ ಗೊತ್ತಾಯಿತು.

ಪ್ಲೇಟು ತೊಳೆದದ್ದು, ಹಳೇ ಪ್ಲೇಟಿನ ಅಗಲ ಗೀರಿಗೆ ಹೊಂದುವ ಸೂಜಿ ಹಾಕಿದ್ದು ಬಿಡಿ. ಹಾಡು 'ವೆಸ್ತಿ ಲಾ ಜುಬ್ಬಾ', ವಿಕ್ಟರ್ ಕಂಪನಿಯ 1907ರ ರೆಕಾರ್ಡಿಂಗ್. ಹೆಂಡತಿ ಮೋಸ ಮಾಡಿದ್ದು ಗೊತ್ತಾದ ಮೇಲೂ ಬಣ್ಣ ಹಚ್ಚಿಕೊಂಡು ಜನರನ್ನು ನಗಿಸಬೇಕಾದ ವಿದೂಷಕನ ಹಾಡು. ಕರೂಸೊ ಟೆನರ್, ಅಂದರೆ ಗಂಡಸರ ಎತ್ತರದ ದನಿ. ನನ್ನ ಟೇಬಲ್ ಮೇಲೆ ಮಾತ್ರ ಅದಕ್ಕಿಂತ ತಗ್ಗಿನ ಬ್ಯಾರಿಟೋನ್! ಅವನು 1916ರಲ್ಲಿ 'ಲಾ ಬೋಎಮ್' ಆಪೆರಾದ, ಇನ್ನೂ ತಗ್ಗಿನ ಬಾಸ್ ದನಿಯ ಹಾಡೊಂದನ್ನೂ ಹಾಡಿದ್ದ ಅಲ್ವಾ, ಇರಬಹುದು ಅಂತ ಸುಮ್ನಿದ್ದೆ.

ಈ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು. ಸ್ಪೀಡ್ ನೋಡಲು ಗೆರೆ ಚಕ್ರ ಇಡುತ್ತೇವೆ, ಸರಿ ಇದ್ದರೆ ಟ್ಯೂಬ್‌ಲೈಟಿನ ಮಿನುಗಿನಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ಆ ಚಕ್ರದ ಮೇಲೆ ಅನುಮಾನ ಬಂದು ಕೂತು ಎಣಿಸಿದೆ. 92 ಗೆರೆ. ಅಯ್ಯೋ! ಅದು ಸೆಕೆಂಡಿಗೆ 60 ಸೈಕಲ್ ಕರೆಂಟಿರುವ ದೇಶಗಳದ್ದು. ನಮ್ಮದು 50. ಸೈಕಲ್ಲಿಗೆ ಎರಡು ಸಲದಂತೆ ಟ್ಯೂಬ್‌ಲೈಟ್ ನಿಮಿಷಕ್ಕೆ 6000 ಸಲ ಮಿನುಗುತ್ತದೆ, 92ರಿಂದ ಭಾಗಿಸಿ: 65! ಮೂರು ವಾರದಿಂದ 65ಕ್ಕೆ ತಿರುಗಿಸುತ್ತಿದ್ದೆ. ಚಕ್ರ ಮಾರಿದವನಿಗೆ ಫೋನ್ ಮಾಡಿದರೆ, "78 ಅಂತಲೇ ಬರೆದಿದೆಯಲ್ಲ ಸಾರ್." ಝೆರಾಕ್ಸ್ ಅಂಗಡಿಯಲ್ಲಿ 77 ಗೆರೆಯದ್ದು ಪ್ರಿಂಟ್ ಹಾಕಿಸಿದೆ. 20 ರೂಪಾಯಿ.

ಟೆನರ್ ವಾಪಸ್ ಬಂದ. ಆದರೆ ಶ್ರುತಿ ಅಳೆಯುವ ಟ್ಯೂನರ್ ಒಪ್ಪಲಿಲ್ಲ. ಹಾಡು ಇರಬೇಕಾದದ್ದು ಇ ಮೈನರ್ ಶ್ರುತಿಯಲ್ಲಿ, ಇದು 31 ಸೆಂಟ್ ಮೇಲಿತ್ತು (ನೂರು ಸೆಂಟ್ ಸೇರಿದರೆ ಅರ್ಧ ಸ್ವರ). ಆಗಿನ 78ರ ಪ್ಲೇಟುಗಳು ನಿಜವಾಗಿ 78 ಆಗಿರುವುದು ಕಮ್ಮಿ. ಮೈಕಿನ ರೆಕಾರ್ಡಿನಲ್ಲಿ ಸೇರಿಕೊಂಡ ಕರೆಂಟಿನ ಗುಂಯ್ ಸದ್ದು ಹಿಡಿದು ಸ್ಪೀಡ್ ಕಂಡುಹಿಡಿಯುವ ಉಪಾಯ ಇಲ್ಲಿ ನಡೆಯೋದಿಲ್ಲ. ಮೈಕಿನ ರೆಕಾರ್ಡ್ ಮಾರುಕಟ್ಟೆಗೆ ಬಂದದ್ದು 1925ರಲ್ಲಿ, ಕರೂಸೊ 48ಕ್ಕೇ, 1921ರಲ್ಲಿ ತೀರಿಕೊಂಡ. ಹಾಡಿದ್ದೆಲ್ಲ ಕರೆಂಟಿಲ್ಲದ ಕೊಂಬಿನ ಬಾಯಿಗೇ.

76.6ಕ್ಕೆ ಇಳಿಸಿದೆ. ಇ ಮೈನರ್ ಸಿಕ್ಕಿತು. ಆದರೆ ಗಾಯಕರು ಅರ್ಧ ಸ್ವರ ಇಳಿಸಿ ಹಾಡುವುದೂ ಉಂಟು. ಹಾಗಾದರೆ 72.3. ಅದನ್ನೂ ನೋಡಿದೆ, ದನಿಯ ಕಂಪನ ಜೋಲಿ ಹೊಡೆಯಿತು, ಮತ್ತೆ ಕಷಾಯ. ಆರ್ಕೆಸ್ಟ್ರಾ 'ಎ' ಸ್ವರವನ್ನು ಈಗಿನಂತೆ ಸೆಕೆಂಡಿಗೆ 440 ಕಂಪನಕ್ಕಲ್ಲ, 435ಕ್ಕೆ ಶ್ರುತಿ ಮಾಡಿದ್ದರೆ 75.7 ಅನ್ನುವವರೂ ಇದ್ದೀರಿ. ಬನ್ನಿ, ಜಗಳ ಆಡೋಣ. ನಾನು ಸದ್ಯ 76.6.

ಮುಂದಿನದು ಇನ್ನೂ ತಲೆನೋವು. ಕರೂಸೊನಿಂದ 1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ರೂಮಿನಲ್ಲಿ 100 ಪೌಂಡಿಗೆ ಹತ್ತು ಹಾಡು ಹಾಡಿಸಿದ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್, ಅದೇ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಾಡು ಹಿಡಿದ. ಹೌದು, 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್. ಅವರ ಪ್ಲೇಟಿಗೆ ಯಾವ ಸ್ಪೀಡು? ಶ್ರುತಿ ಅವರಿಷ್ಟ, ಬರೆದಿಟ್ಟ ನೊಟೇಶನ್ ಇಲ್ಲ. ಆದರೆ ಹಾಡು ಮುಗಿಯುವಾಗ "ಮೈ ನೇಮ್ ಈಸ್ ಗೌಹರ್ ಜಾನ್" ಅನ್ನುತ್ತಾರಲ್ಲ, ಆ ಮಾತಿನ ದನಿ ಸಹಜವಾಗಿ ಕೇಳಿಸುವ ತನಕ ನಾಬ್ ತಿರುಗಿಸುವುದು ಅಂತ ಲೆಕ್ಕ ಹಾಕಿದ್ದೇನೆ.

ಪ್ಲೇಟು ಬುಧವಾರ ಬರುತ್ತದಂತೆ. "ಸಣ್ಣ ಬಿರುಕು ಸಾರ್, ಕೊನೆಯಲ್ಲಿ ಮಾತ್ರ" ಅಂದಿದ್ದಾನೆ ಮಾರುವವನು.