“ಯಹೂದಿಗಳಲ್ಲಿ ಹೆಂಗಸರಿಗೆ ರಬ್ಬಿ ಆಗೋಕೆ ಬಿಡ್ತಾರಾ?”

ರಬ್ಬಿ ಅಂದರೆ ಯಹೂದಿಗಳ ಧರ್ಮಗುರು. ಕೆಲವರು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಉದಾರವಾದಿ ರಿಫಾರ್ಮ್, ಮಧ್ಯಮಮಾರ್ಗದ ಕನ್ಸರ್ವೇಟಿವ್ ಪಂಗಡಗಳಲ್ಲಿ ಹೆಂಗಸರು ರಬ್ಬಿಗಳಾಗಿದ್ದಾರೆ. ಸಂಪ್ರದಾಯಸ್ಥ ಆರ್ಥೊಡಾಕ್ಸ್ ಪಂಗಡದ ಹೆಚ್ಚಿನವರು ಇವತ್ತಿಗೂ ಒಪ್ಪುವುದಿಲ್ಲ. ಅವರಲ್ಲೇ ಒಂದು ಸಣ್ಣ ಗುಂಪು 2009ರಿಂದ ನ್ಯೂಯಾರ್ಕ್‌ನಲ್ಲಿ ಹೆಂಗಸರಿಗೆ ಈ ಶಿಕ್ಷಣ ಕೊಡುತ್ತಿದೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ನಾನು ಇತಿಹಾಸದ ಮೇಷ್ಟ್ರು. ಜಗತ್ತಿನಲ್ಲಿ ಮೊದಲು ರಬ್ಬಿ ಪಟ್ಟ ಪಡೆದ ಹೆಂಗಸು ರೆಜಿನಾ ಯೋನಾಸ್ ಬಗ್ಗೆ ಎಲ್ಲಿ ಮಾತಾಡಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ಕಾರ್ಯಕ್ರಮದಲ್ಲಿ ಆಕೆಯ ಬದುಕನ್ನೆಲ್ಲ ಹೇಳಿ ಮುಗಿಸಿದ್ದೆ. ಹಿರಿಯರೊಬ್ಬರು ಎದ್ದು, “ಅದೆಲ್ಲ ಸರಿ, ಆಯಮ್ಮನಿಗೆ ಪರ್ಮಿಷನ್ ಕೊಟ್ಟ ಪುಣ್ಯಾತ್ಮ ಯಾರು ಸಾರ್?” ಎಂದರು. ಸಭೆ ನಕ್ಕಿತು. ಮಾಕ್ಸ್ ಡೀನೆಮಾನ್ ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು ಆ ಹೆಸರು ಬರೆದುಕೊಂಡರು. ಆಕೆಯ ಹೆಸರನ್ನು ಬರೆದುಕೊಂಡಿರಲಿಲ್ಲ!

ನನಗೆ ಸಿಟ್ಟು ಬರುವುದು ಅಲ್ಲೇ. ಡೀನೆಮಾನ್ ದೊಡ್ಡ ಮನುಷ್ಯರು, ಅನುಮಾನವಿಲ್ಲ. ಆದರೆ ಆಕೆ ಯಾರ ಕೃಪೆಗೂ ಕಾದು ಕೂತವಳಲ್ಲ. 1902ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವಳು. ರಬ್ಬಿ ಅಂದರೆ ನಮ್ಮ ಪೂಜಾರಿಯ ಹಾಗಲ್ಲ. ಧರ್ಮದ ಕಾನೂನು ಓದಿ, ಜನರಿಗೆ ಕಲಿಸಿ, ಕೇಳಿದವರಿಗೆ ತೀರ್ಪು ಹೇಳುವುದು ಅವರ ಕೆಲಸ. ಹಾಗಾಗಿ ಆಕೆ ಕಾನೂನನ್ನೇ ಹಿಡಿದಳು. ಹೆಂಗಸು ರಬ್ಬಿ ಆಗಬಹುದೇ ಎಂಬ ಪ್ರಶ್ನೆಯ ಮೇಲೆ 1930ರಲ್ಲಿ ಪ್ರಬಂಧ ಬರೆದಳು. ಕಾಲ ಬದಲಾಗಿದೆ, ನೀವೂ ಬದಲಾಗಿ ಎಂದು ಕೇಳಿಕೊಳ್ಳಲಿಲ್ಲ. ಹಳೆಯ ಗ್ರಂಥಗಳನ್ನೇ ಮುಂದಿಟ್ಟು, ಅಡ್ಡಿ ಇರುವುದು ಕಾನೂನಿನಲ್ಲಿ ಅಲ್ಲ, ಪೂರ್ವಗ್ರಹದಲ್ಲಿ, ರೂಢಿಯಲ್ಲಿ ಎಂದು ವಾದಿಸಿದಳು.

ಆ ಪ್ರಬಂಧ ಬರೆಸಿದ, ತಾಲ್ಮುಡ್ ಎಂಬ ಯಹೂದಿ ಧರ್ಮಗ್ರಂಥದ ಪ್ರಾಧ್ಯಾಪಕ ಎಡುವರ್ಡ್ ಬನೆಟ್ ಅದೇ ವರ್ಷ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ರಬ್ಬಿ ಪಟ್ಟ ಕೊಡಲಿಲ್ಲ. ಕೊನೆಗೆ 1935ರ ಡಿಸೆಂಬರ್ 27ರಂದು ಓಫನ್‌ಬಾಖ್ ಊರಿನ ರಬ್ಬಿ ಡೀನೆಮಾನ್ ಪರೀಕ್ಷೆ ಮಾಡಿ ಪಟ್ಟ ಕೊಟ್ಟರು. ಯಹೂದಿಗಳ ಪೌರತ್ವ ಕಿತ್ತುಕೊಂಡ ಹಿಟ್ಲರನ ನ್ಯೂರೆಂಬರ್ಗ್ ಕಾನೂನು ಬಂದು ಆಗಿನ್ನೂ ಕೆಲವೇ ತಿಂಗಳು. ಆಮೇಲೆ ರಬ್ಬಿಗಳು ದೇಶ ಬಿಡುತ್ತಾ ಹೋದರು. ಇವಳು ಉಳಿದು, ರಬ್ಬಿ ಇಲ್ಲದ ಊರುಗಳಿಗೂ ಹೋಗಿ ಪ್ರವಚನ ಮಾಡಿದಳು.

1942ರ ನವೆಂಬರ್‌ನಲ್ಲಿ ಆಕೆಯನ್ನು ತೆರೆಸಿಯನ್‌ಶ್ಟಾಟ್ ಬಂದಿಶಿಬಿರಕ್ಕೆ ಕಳಿಸಿದರು. ಅಲ್ಲಿ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಜೊತೆ ಸೇರಿ, ರೈಲಿನಿಂದ ಇಳಿದು ಕಂಗೆಟ್ಟ ಜನರಿಗೆ ಧೈರ್ಯ ಹೇಳುತ್ತಿದ್ದಳು. ಆಕೆ ಅಲ್ಲಿ ಕೊಟ್ಟ ಉಪನ್ಯಾಸಗಳ ಪಟ್ಟಿಯೊಂದು ಉಳಿದಿದೆ, 24 ವಿಷಯಗಳದ್ದು. 1944ರ ಅಕ್ಟೋಬರ್‌ನಲ್ಲಿ ಔಶ್ವಿಟ್ಸ್‌ಗೆ ಸಾಗಿಸಿ ಕೊಂದರು.

ನನ್ನನ್ನು ಯಾರಾದರೂ ಕೇಳಬೇಕಾದ ಪ್ರಶ್ನೆ ಬೇರೆ. ಇಂಥವಳು ಮರೆತುಹೋದದ್ದು ಹೇಗೆ?

ಫ್ರಾಂಕಲ್ ಬದುಕಿ ಬಂದರು. ಆಕೆಗೆ ಪಾಠ ಹೇಳಿದ್ದ, ಅದೇ ಶಿಬಿರದಲ್ಲಿದ್ದ ರಬ್ಬಿ ಲಿಯೊ ಬೆಕ್ ಕೂಡ ಬದುಕಿ ಬಂದರು. ಇಬ್ಬರೂ ಜಾಸ್ತಿ ಬರೆದವರು, ಊರೂರು ತಿರುಗಿ ಮಾತಾಡಿದವರು. ಆಕೆಯ ಬಗ್ಗೆ ಮಾತ್ರ ಸುಮ್ಮನಿದ್ದರು. 1972ರಲ್ಲಿ ಅಮೆರಿಕದ ಸ್ಯಾಲಿ ಪ್ರೀಸ್ಯಾಂಡ್ ರಬ್ಬಿ ಆದಾಗ ಪತ್ರಿಕೆಗಳು ಸ್ಯಾಲಿಯನ್ನೇ ಮೊದಲಿಗಳು ಎಂದವು. ಕನ್ಸರ್ವೇಟಿವ್ ಪಂಗಡದವರು ಧರ್ಮದ ಕಾನೂನು ಒಪ್ಪುತ್ತದೋ ಇಲ್ಲವೋ ಎಂದು ವರ್ಷಗಟ್ಟಲೆ ಜಗಳವಾಡಿ, 1985ರಲ್ಲಿ ಏಮಿ ಐಲ್ಬರ್ಗ್‌ಗೆ ಪಟ್ಟ ಕೊಟ್ಟರು. ಅದೇ ಪ್ರಶ್ನೆಗೆ 1930ರಲ್ಲೇ ಬರೆದ ಉತ್ತರ ಪೂರ್ವ ಬರ್ಲಿನ್‌ನ ದಾಖಲೆಗಳ ರಾಶಿಯಲ್ಲಿ ಬಿದ್ದಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಕಟರೀನಾ ಫೋನ್ ಕೆಲೆನ್‌ಬಾಖ್ ಎಂಬ ಸಂಶೋಧಕಿ ರೆಜಿನಾಳ ಕಾಗದಪತ್ರಗಳನ್ನು ಹುಡುಕಿ ತೆಗೆದರು.

ನೋವಿಗೆ ಫ್ರಾಂಕಲ್, ಬೆಕ್ ಇಬ್ಬರೂ ಮಾತಾಡಲಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ನೋವಿನ ಬಗ್ಗೆ ಫ್ರಾಂಕಲ್ ಪುಸ್ತಕವನ್ನೇ ಬರೆದರಲ್ವಾ? ಹೆಂಗಸು ಮಾಡಿದ ಕೆಲಸ ಹೇಳಲೇಬೇಕಾದ್ದು ಎಂದು ಅವರಿಗೆ ಅನ್ನಿಸಲಿಲ್ಲ. ನನಗೆ ತೋರುವುದು ಇದೇ. ಯಾರಾದರೂ ಈ ವಿಷಯ ಕೇಳಿ, ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ.