ಅಜ್ಜನ ಟ್ರಂಕಿನಲ್ಲಿದ್ದ ರಾತ್ರಿಶಾಲೆ

ಮುಂಬಯಿಯ ಮಾಟುಂಗಾದಲ್ಲಿದ್ದ ಹಳೆಯ ಖೋಲಿಯನ್ನು, ಅಂದರೆ ನಮ್ಮ ಕೋಣೆಯನ್ನು, ಖಾಲಿ ಮಾಡುವಾಗ ಮಂಚದಡಿಯ ಟ್ರಂಕಿನಲ್ಲಿ ಅಜ್ಜನ ಎಸ್.ಎಸ್.ಸಿ. (ಪ್ರೌಢಶಾಲೆಯ ಕೊನೆಯ ಪರೀಕ್ಷೆ) ಪ್ರಮಾಣಪತ್ರ ಸಿಕ್ಕಿತು. ಹುಟ್ಟಿದ ವರ್ಷದಿಂದ ಲೆಕ್ಕ ಹಾಕಿದರೆ, ಪರೀಕ್ಷೆಗೆ ಕುಳಿತಾಗ ಅವರಿಗೆ 26 ವರ್ಷ.

ನಮಗೆ ಗೊತ್ತಿದ್ದದ್ದು ಹೊಟೇಲಿನ ಕಥೆ ಮಾತ್ರ. ಕರಾವಳಿಯ ನದಿಗಳಿಗೆ ಸೇತುವೆಗಳಿಲ್ಲದ ಆ ಕಾಲದಲ್ಲಿ ಅಜ್ಜ ಮಂಗಳೂರಿನಿಂದ ಹಡಗು ಹತ್ತಿ ಬಂದು, ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೊಟೇಲಿನಲ್ಲಿ ತಟ್ಟೆ ತೊಳೆಯಲು ನಿಂತು, ಆಮೇಲೆ ಮಾಣಿಯಾಗಿ, ರಾತ್ರಿ ಬಾಗಿಲು ಹಾಕಿದ ಮೇಲೆ ಅಲ್ಲಿನ ಮೇಜುಗಳನ್ನೇ ಜೋಡಿಸಿಕೊಂಡು ಮಲಗುತ್ತಿದ್ದರಂತೆ. ಮುಂದೆ ಗುಮಾಸ್ತರಾದದ್ದು ಹೇಗೆಂದು ನಾವು ಯಾರೂ ಕೇಳಿರಲಿಲ್ಲ.

ಮುಂಬಯಿ ಕನ್ನಡಿಗರ ಯಶಸ್ಸೆಂದರೆ ನಾವು ಗಲ್ಲೆಯ ಮೇಲೆ ಕುಳಿತ ಹೊಟೇಲು ಧಣಿಗಳನ್ನೇ ನೆನೆಯುತ್ತೇವೆ. 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರ ಹೆಸರು ಇಂದಿಗೂ ಬಾಯಲ್ಲಿದೆ, ಇರಲೇಬೇಕು. ಆದರೆ ಅದೇ ನಗರದಲ್ಲಿ ಹಗಲೆಲ್ಲ ಎಂಜಲು ಬಳಿದು ಸಂಜೆ ಸ್ಲೇಟು ಹಿಡಿದ ಹುಡುಗರಿಗಾಗಿ ನಮ್ಮವರು ರಾತ್ರಿಶಾಲೆಗಳನ್ನು ಕಟ್ಟಿದ್ದರು. 1902ರಲ್ಲಿ ಹುಟ್ಟಿದ, ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ಆ ಶಾಲೆಗಳಿಂದ ಹೊರಬಂದವರು ಬ್ಯಾಂಕು, ಕಚೇರಿ, ಕೋರ್ಟುಗಳನ್ನು ಸೇರಿದರು. ಅಂಗಡಿಯ ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳದ ಯಶಸ್ಸು ಊರಿನ ಚರಿತ್ರೆಯಿಂದ ಬೇಗ ಜಾರಿಹೋಗುತ್ತದೆ. ನಮ್ಮ ಮನೆಯಿಂದಲೇ ಜಾರಿತ್ತಲ್ಲ!

ಕಲಿಯುವುದು ಹುಡುಗನ ಇಚ್ಛೆಯೊಂದರಿಂದ ಆಗುವ ಕೆಲಸವಾಗಿರಲಿಲ್ಲ. ಸಂಜೆಯೇ ಗಿರಾಕಿಗಳ ಹೊತ್ತು; ಆಗಲೇ ಮಾಣಿಯನ್ನು ಬಿಟ್ಟುಕೊಡಲು ಧಣಿಗೆ ದೊಡ್ಡ ಮನಸ್ಸಿರಬೇಕಿತ್ತು, ಇಲ್ಲವೇ ಆ ಹೊತ್ತಿನ ಕೆಲಸವನ್ನು ಜೊತೆಯ ಹುಡುಗರು ಹಂಚಿಕೊಳ್ಳಬೇಕಿತ್ತು. ಅಜ್ಜಿಯನ್ನು ಕೇಳಿದೆ. "ಶಾಲೆಯ ಸುದ್ದಿ ಅವರು ಎತ್ತುತ್ತಿರಲಿಲ್ಲ ಮಗಾ. ಎರಡು ಸಲ ಫೇಲಾಗಿದ್ದರಲ್ಲ, ನಾಚಿಕೆ" ಎಂದರು.

ಪ್ರಮಾಣಪತ್ರದ ಮಡಿಕೆಯಲ್ಲಿ ಹೊಟೇಲಿನ ಬಿಲ್ಲೊಂದಿತ್ತು. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ, ಒತ್ತಕ್ಷರ ತಿದ್ದಿ ತಿದ್ದಿ ಬರೆದ ರಜೆ ಅರ್ಜಿ: "ಮಾಸ್ತರರಲ್ಲಿ ವಿನಂತಿ, ಈ ದಿನ ಹೊಟೇಲಿನಲ್ಲಿ ಜನ ಹೆಚ್ಚು. ನಾಳೆ ತಪ್ಪದೆ ಬರುತ್ತೇನೆ."